ಹೂವಕ್ಕನ ಪರವಾಗಿ ಬರೆದ ಪುಟ

"ಗುರುಗಳೇ, ಬರುವ ಸೋಮವಾರ ನನ್ನ ದಾವೆಯ ವಿಚಾರಣೆ. ಬಾಡಿಗೆದಾರರಿಂದ ಮನೆ ಬಿಡಿಸಬೇಕು. ಕಾಗದಪತ್ರಗಳೆಲ್ಲ ಸಿದ್ಧವಾಗಿವೆ. ಆದರೂ ಎದೆ ಹೊಡೆದುಕೊಳ್ಳುತ್ತದೆ. ಇನ್ನೇನು ಸಿದ್ಧತೆ ಮಾಡಿಕೊಳ್ಳಲಿ?" ಎಂದು ಈರಬಸಪ್ಪ ಕೇಳಿದನು. ಅವನಿಗಿದ್ದದ್ದು ಎರಡು ಕೋಣೆಯ ಒಂದೇ ಬಾಡಿಗೆ ಮನೆ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದನು. ಅವನದೊಂದು ಸಣ್ಣ ಮಹಡಿ ಮನೆ. ಮೇಲೆ ಅವನೂ ಹೆಂಡತಿ ನೀಲವ್ವನೂ ಇದ್ದರು. ಕೆಳಗಿನ ಮನೆಯನ್ನು ಹಾರ್ಮೋನಿಯಂ ರಿಪೇರಿ ಮಾಡುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದನು. ಹದಿನಾರು ವರ್ಷ ಎರಡೂ ಮನೆಯವರು ಅನ್ಯೋನ್ಯವಾಗಿದ್ದರು. ಕೆಳಗಿನ ರೊಟ್ಟಿ ಮೇಲೆ ಹೋಗುತ್ತಿತ್ತು, ಮೇಲಿನ ಪಲ್ಯ ಕೆಳಗೆ ಬರುತ್ತಿತ್ತು.

ಬರಬರುತ್ತ ನೀಲವ್ವನ ಮೊಣಕಾಲು ಸವೆದವು. ಸಮನೆಲದ ಮೇಲೆ ಕೋಲು ಹಿಡಿದು ನಡೆಯಬಲ್ಲಳು, ಮೆಟ್ಟಿಲು ಆಗದು. ದರ್ಜಿ ಕೆಳಗಿನ ಮನೆಯನ್ನು ಬಿಟ್ಟುಕೊಡೆಂದು ಕೇಳಿದನು. ಬಾಡಿಗೆದಾರ ಆಗದೆಂದನು. ಕಾರಣ ಹೇಳಲಿಲ್ಲ. ನೋಟಿಸು ಹೋಯಿತು. ಮಾತು ನಿಂತಿತು, ರೊಟ್ಟಿಯೂ ನಿಂತಿತು.

ವಿಚಾರಣೆಗೆ ಮುಂಚೆ ದರ್ಜಿ ತನ್ನ ವಕೀಲರ ಬಳಿ ಹೋದನು. ಅವರು ವಯಸ್ಸಾದವರು. ಕರಾರು ಪತ್ರ, ನೋಟಿಸಿನ ಪ್ರತಿ, ವೈದ್ಯರ ಚೀಟಿ ಎಲ್ಲವನ್ನೂ ನೋಡಿ, "ಇನ್ನೊಂದು ಬೇಕು. ಅವನು ಕಟಕಟೆಯಲ್ಲಿ ನಿಂತು ಏನು ಹೇಳಬಹುದು, ಬರೆದುಕೊಂಡು ಬಾ" ಎಂದರು.

ದರ್ಜಿ ಬರೆದನು: 'ಅವನು ಹಟಮಾರಿ. ಉಪಕಾರ ಅರಿಯದವನು.'

ವಕೀಲರು ಹಾಳೆಯನ್ನು ಹಿಂದಕ್ಕೆ ಕೊಟ್ಟು ಹೇಳಿದರು: "ಇದು ನಿನ್ನ ಮಾತಾಯಿತಪ್ಪ. ಅವನ ಮಾತು ಬರಿ."

ದರ್ಜಿ ಮನೆಗೆ ಬಂದು ಬಿಳಿ ಹಾಳೆಯ ಮುಂದೆ ಕೂತನು. ಏನೂ ಹೊಳೆಯಲಿಲ್ಲ. ಕೆಳಗೆ ಬಾಡಿಗೆದಾರನ ಹೆಂಡತಿ ಹೂವಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತಿತ್ತು. ಆಗ ಅವನಿಗೆ ನೆನಪಾಯಿತು, ಹೂವಕ್ಕನಿಗೆ ಕಣ್ಣಿಲ್ಲ. ಈ ಮನೆಗೆ ಬಂದು ಐದನೆಯ ವರ್ಷಕ್ಕೆ ಕಣ್ಣು ಹೋಗಿತ್ತು. ಆಕೆ ಸಲೀಸಾಗಿ ಓಡಾಡುತ್ತಿದ್ದುದರಿಂದ ಅದು ಎಲ್ಲರಿಗೂ ಮರೆತೇ ಹೋಗಿತ್ತು. ಒಲೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ, ಹೊಸ್ತಿಲು ಎಷ್ಟು ಎತ್ತರ, ಆಕೆಯ ಕಾಲಿಗೆ ಗೊತ್ತು. ಆಕೆ ಕಣ್ಣಾರೆ ಕಂಡ ಕೊನೆಯ ಮನೆ ಅದು.

ದರ್ಜಿ ಒಂದೊಂದನ್ನೇ ಬರೆದನು. ಪುಟ ತುಂಬಿತು. ಹಾಳೆ ಹಿಡಿದು ಕೆಳಗಿಳಿದು, "ನೀನು ಹೇಳಬೇಕೆಂದಿದ್ದದ್ದು ಇದೇ ಏನಪ್ಪ?" ಎಂದು ಓದಿದನು.

ಬಾಡಿಗೆದಾರ ರಿಪೇರಿ ಮಾಡುತ್ತಿದ್ದ ಹಾರ್ಮೋನಿಯಂ ಪಕ್ಕಕ್ಕಿಟ್ಟನು. ಆಮೇಲೆ, "ಇದೇ, ಯಜಮಾನರೇ. ಕನಿಕರ ಬೇಡಿದ ಹಾಗಾಗುತ್ತದೆ, ಹೇಳಬೇಡಿ ಅಂತ ಅವಳೇ ಆಣೆ ಹಾಕಿದ್ದಳು" ಎಂದನು.

ನೀಲವ್ವನಿಗೆ ಮೆಟ್ಟಿಲು ಹತ್ತಿಳಿಯಲು ಆಗುತ್ತಿಲ್ಲವೆಂದು ದರ್ಜಿಯೂ ಹೇಳಿದನು. ಒಳಗಿಂದ ಹೂವಕ್ಕ ಕೇಳಿದಳು: "ಅಣ್ಣಾ, ನೀಲವ್ವನ ಕಾಲು ಅಷ್ಟು ಕೆಟ್ಟಿದೆಯೇ? ಮೆಟ್ಟಿಲ ಮೇಲೆ ಅವಳ ಸಪ್ಪಳ ಕೇಳದೆ ನಾಲ್ಕು ತಿಂಗಳಾಯಿತು. ನನ್ನ ಮೇಲಿನ ಸಿಟ್ಟೆಂದುಕೊಂಡಿದ್ದೆ."

ವಿಚಾರಣೆಯ ದಿನ ದರ್ಜಿ, ಬಾಡಿಗೆದಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋದರು. ದರ್ಜಿ ತನ್ನ ಕಾಗದಗಳನ್ನು ಕೊಟ್ಟನು. ಮನೆ ತನಗೆ ಬೇಕೇ ಬೇಕೆಂದನು. ಆಮೇಲೆ, ಹೂವಕ್ಕ ಬೇರೊಂದು ಮನೆಯನ್ನು ಕಲಿಯುವವರೆಗೆ ಕಾಯುತ್ತೇನೆಂದನು. ಬಾಡಿಗೆದಾರ ಒಪ್ಪಿದನು. ನ್ಯಾಯಾಧೀಶರು ಆರು ತಿಂಗಳ ಗಡುವಿಟ್ಟು ರಾಜಿಯನ್ನು ಬರೆಸಿಕೊಂಡರು.

ದರ್ಜಿಯೇ ತಿರುಗಾಡಿ ಪಕ್ಕದ ಓಣಿಯಲ್ಲಿ ನೆಲಮಟ್ಟದ ಮನೆಯೊಂದನ್ನು ಹುಡುಕಿದನು. ಅಂದಿನಿಂದ ನೀಲವ್ವ ಬೆಳಿಗ್ಗೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರುತ್ತ ಕೆಳಗಿಳಿಯುತ್ತಿದ್ದಳು. ಹೂವಕ್ಕನ ಭುಜ ಹಿಡಿದು ಆ ಮನೆಗೆ ಹೋಗುತ್ತಿದ್ದಳು. "ಇದು ಕಟ್ಟೆ. ಇಲ್ಲಿ ತಲೆ ಬಾಗಿಸು. ಒಲೆ ಎಡಕ್ಕೆ" ಎಂದು ಹೇಳಿಕೊಡುತ್ತಿದ್ದಳು. ಹೂವಕ್ಕ ಎಡವಿದರೆ ಇಬ್ಬರೂ ನಗುತ್ತಿದ್ದರು. ಒಮ್ಮೆ ಹಾಲಿನ ಪಾತ್ರೆಯೇ ಉರುಳಿತು. ಸಂಜೆ ಗಂಡಸರಿಬ್ಬರೂ ಸೇರಿ ನೀಲವ್ವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊರುತ್ತಿದ್ದರು.

ಮೂರನೆಯ ತಿಂಗಳು ಒಂದು ದಿನ ಹೂವಕ್ಕ, "ನಾಳೆಯಿಂದ ನೀನು ಹೇಳಿಕೊಡಲು ಬರಬೇಡ ನೀಲವ್ವ, ಊಟಕ್ಕೆ ಬಾ" ಎಂದಳು. ಆ ವಾರವೇ ಕೆಳಗಿನ ಮನೆ ಖಾಲಿಯಾಯಿತು. ಗಡುವಿಗೆ ಇನ್ನೂ ಮೂರು ತಿಂಗಳು ಉಳಿದಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಈರಬಸಪ್ಪ, "ಅವರು ಒಳ್ಳೆಯವರು, ಗುರುಗಳೇ. ನನ್ನ ಬಾಡಿಗೆದಾರರು ಹಾಗಲ್ಲ" ಎಂದನು.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಇರಬಹುದು ಮಗು, ನಾನೇ ನ್ಯಾಯಾಧೀಶ ಎಂದುಕೊಂಡು ಈಗ ಅವರ ಪರವಾಗಿ ನೀನು ಮಾತಾಡು."

ಈರಬಸಪ್ಪ ಬಾಯಿ ತೆರೆದನು. "ಅವರ ಮಾತು ಏನೆಂದು ನನಗೇ ಗೊತ್ತಿಲ್ಲವಲ್ಲ, ಗುರುಗಳೇ. ಒಂದು ಬಿಳಿ ಹಾಳೆ ಕೊಡಿ" ಎಂದನು.