ಧೂಪದ ಹೊಗೆ ಮೂಲೆಮೂಲೆ ಹುಡುಕುವುದು ಏಕೆ

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಬಂಡೆಯನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ತೊರೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ಕೇಳಿಕೊಂಡು, ಕೇಳಿಕೊಂಡು ಹರಿಯುತ್ತಿತ್ತು.

ಆಗ ಭೂಮಿತಾಯಿ ಮರಗಿಡಗಳಿಗೆಲ್ಲ ಪರಿಮಳ ಹಂಚಿದಳು. ಒಬ್ಬೊಬ್ಬರಿಗೂ ಒಂದೊಂದು ಬೊಗಸೆ.

"ತಗೊಳ್ಳಿ ಮಕ್ಕಳೇ. ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಳ್ಳಿ," ಎಂದಳು.

ಸಂಪಿಗೆ ತನ್ನ ಪಾಲನ್ನು ಹೂವಿನಲ್ಲಿ ಇಟ್ಟುಕೊಂಡಿತು. ಮರುಗ ಎಲೆಯಲ್ಲಿ ಇಟ್ಟುಕೊಂಡಿತು. ಲಾವಂಚ ಬೇರಿನಲ್ಲಿ ಇಟ್ಟುಕೊಂಡಿತು. ಗಂಧದ ಮರ ಎದೆಯೊಳಗಿನ ಕೆಚ್ಚಿನಲ್ಲಿ ಇಟ್ಟುಕೊಂಡಿತು.

ಧೂಪದ ಮರ ಮಾತ್ರ ತನ್ನ ಪಾಲನ್ನು ಹಿಡಿದುಕೊಂಡು ನಿಂತೇ ಇತ್ತು. ಅದಕ್ಕೆ ಭಯ. ಮೊಳಕೆಯಾಗಿದ್ದಾಗಲೇ ಅದಕ್ಕೆ ಎಲ್ಲದರ ಭಯ.

"ಹೂವಿನಲ್ಲಿಟ್ಟರೆ ಜೇನುಹುಳ ಹೊತ್ತುಕೊಂಡು ಹೋಗುತ್ತೆ. ಎಲೆಯಲ್ಲಿಟ್ಟರೆ ಕಡವೆ ಮೇಯುತ್ತೆ. ಬೇರಿನಲ್ಲಿಟ್ಟರೆ ಹಂದಿ ಅಗೆಯುತ್ತೆ. ಎಲ್ಲಿಡಲಿ? ನಾನು ಎಲ್ಲಿಡಲಿ?"

ಕೊನೆಗೆ ಅದು ತೊಗಟೆಯ ಒಳಗಿನ ಅಂಟಿನಲ್ಲಿ ಪರಿಮಳವನ್ನು ಬಚ್ಚಿಟ್ಟಿತು. ತೊಗಟೆಯನ್ನು ಬಿಗಿಯಾಗಿ ಮುಚ್ಚಿಕೊಂಡಿತು. ಯಾರಾದರೂ ಕೇಳಿದರೆ, "ನನಗೇನೂ ಸಿಗಲಿಲ್ಲಪ್ಪ," ಎನ್ನುತ್ತಿತ್ತು. ಹಾಗೆ ಹೇಳಿ ಹೇಳಿ ಎಷ್ಟೋ ಮಳೆಗಾಲ ಕಳೆಯಿತು. ಮರ ಎತ್ತರಕ್ಕೆ ಬೆಳೆಯಿತು. ಭಯವೂ ಅದರ ಜೊತೆಗೇ ಬೆಳೆಯಿತು.

ಆ ಮರದ ಹತ್ತಿರವೇ ಒಂದು ಗುಡಿಸಲು. ಅಲ್ಲಿ ಜಡೆಯಜ್ಜ ಇದ್ದ. ಬೆಂಕಿ ಆರದಂತೆ ಕಾಯುವುದು ಅವನ ಕೆಲಸ. ಅವನ ಮಗಳು ಬೇದಮ್ಮ. ಬೇದಮ್ಮನ ಮಗಳು ಕೇತಿ. ಕೇತಿಗೆ ಐದು ವರ್ಷ. ಒಂದು ಕಡೆ ನಿಲ್ಲುವ ಮಗುವೇ ಅಲ್ಲ ಅದು.

ಒಂದು ದಿನ ಬೆಳಿಗ್ಗೆ ಬೇದಮ್ಮ ಕಾಡುಗೆಣಸು ಅಗೆಯುತ್ತಿದ್ದಳು. ಕೇತಿ ಪಕ್ಕದಲ್ಲೇ ಕೂತು ಮಣ್ಣು ಕೆದರುತ್ತಿದ್ದಳು. ಆಗ ಪೊದೆಯಿಂದ ಕಾಡುಕೋಳಿಯೊಂದು ಮರಿಗಳ ಜೊತೆ ಹೊರಗೆ ಬಂತು. ಅಂಗೈಯಷ್ಟು ಮರಿಗಳು. ಕುಡುಕುಡು ಓಡಿದವು. ಕೇತಿಯೂ ಅವುಗಳ ಹಿಂದೆ ಕುಡುಕುಡು ಓಡಿದಳು.

"ದೂರ ಹೋಗಬ್ಯಾಡ ಮಗ," ಎಂದಳು ಬೇದಮ್ಮ, ಗುಂಡಿಯಿಂದ ತಲೆ ಎತ್ತದೆ.

ಗೆಣಸು ಆಳಕ್ಕೆ ಇಳಿದಿತ್ತು. ಬೇದಮ್ಮ ಮೊಣಕೈವರೆಗೆ ಕೈ ಇಳಿಸಿ ಎಳೆದಳು. ಗೆಣಸು ಬಂತು. ಅವಳು ತಲೆ ಎತ್ತಿದಳು.

ಎದುರಿಗೆ ಏನೂ ಇರಲಿಲ್ಲ. ಮರ ಇರಲಿಲ್ಲ, ಬೆಟ್ಟ ಇರಲಿಲ್ಲ. ಎಲ್ಲ ಬೆಳ್ಳಗೆ.

ಮಂಜು ಇಳಿದಿತ್ತು. ಆಗಿನ ಮಂಜು ಈಗಿನ ಹಾಗಲ್ಲ. ಆಗಷ್ಟೇ ಹುಟ್ಟಿದ್ದು. ಅದಕ್ಕೆ ಇಳಿಯುವುದಕ್ಕೆ ಬರುತ್ತಿತ್ತು, ಏಳುವುದಕ್ಕೆ ಬರುತ್ತಿರಲಿಲ್ಲ.

"ಕೇತೀ!" ಎಂದು ಕೂಗಿದಳು ಬೇದಮ್ಮ.

ಉತ್ತರ ಬರಲಿಲ್ಲ.

"ಕೇತೀ! ಎಲ್ಲಿದ್ದೀಯೇ ಮಗ!"

ಅವಳು ನಾಲ್ಕು ಹೆಜ್ಜೆ ಓಡಿ ಮರಕ್ಕೆ ಡಿಕ್ಕಿ ಹೊಡೆದಳು. ಈ ಕಡೆ ಓಡಿ ಮುಳ್ಳಿಗೆ ಸಿಕ್ಕಿದಳು. ಕೈ ಚಾಚಿದರೆ ಅವಳ ಬೆರಳೇ ಅವಳಿಗೆ ಕಾಣುತ್ತಿರಲಿಲ್ಲ.

"ಮಂಜಪ್ಪ, ಮಂಜಪ್ಪ, ಒಂಚೂರು ಏಳಪ್ಪ. ನನ್ನ ಮಗಳು ಕಾಣ್ತಿಲ್ಲ."

"ನನಗೆ ಏಳೋಕೆ ಬರಲ್ಲ ಕಣವ್ವ," ಎಂದಿತು ಮಂಜು. ಅದರ ದನಿಯಲ್ಲಿ ಅಳು ಇತ್ತು. "ನಾನೂ ಇಳಿದಾಗಿನಿಂದ ಏಳೋಕೆ ನೋಡ್ತಾನೇ ಇದ್ದೀನಿ. ಮೈ ಭಾರ."

"ಗಾಳೀ, ನೀನಾದ್ರೂ ಇದನ್ನ ತಳ್ಳು."

"ನನ್ನ ರೆಕ್ಕೆ ನೆಂದಿದೆ," ಎಂದಿತು ಗಾಳಿ ನೆಲದ ಹತ್ತಿರದಿಂದ. "ತೆವಳೋಕೆ ಮಾತ್ರ ಆಗುತ್ತೆ."

ಬೇದಮ್ಮ ತನ್ನ ದನಿಯನ್ನೆಲ್ಲ ಸೇರಿಸಿ ಇನ್ನೊಮ್ಮೆ ಕೂಗಿದಳು. "ಕೇತೀ!"

ಆಗ ತೊರೆ ಗಾಬರಿಯಿಂದ ಮಾತಾಡಿತು.

"ಬೇದಮ್ಮ, ಕೂಗಬೇಡ! ಕೂಗಬೇಡ ತಾಯಿ! ಮಗು ನನ್ನನ್ನು ದಾಟಿ ಆಚೆ ದಡಕ್ಕೆ ಹೋಗಿದೆ. ಸಣ್ಣ ಕಾಲು ನನ್ನ ನೀರಿನಲ್ಲಿ ತುಳಿದುಕೊಂಡು ಹೋಯಿತು. ಆ ಕಡೆ ಕಮರಿ ಇದೆ. ನಿನ್ನ ಕೂಗು ಕಮರಿಯ ಬಂಡೆಗೆ ಬಡಿದು ಅಲ್ಲಿಂದ ವಾಪಸ್ಸು ಬರ್ತಿದೆ. ಅವ್ವ ಅಲ್ಲೇ ಕರೀತಿದ್ದಾಳೆ ಅಂತ ಮಗು ಕಮರಿ ಕಡೆಗೇ ನಡೀತಿದೆ. ನೀನು ಒಂದು ಸಲ ಕೂಗಿದರೆ ಅದು ಹತ್ತು ಹೆಜ್ಜೆ ಮುಂದೆ ಹೋಗುತ್ತೆ!"

ಬೇದಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕರೆಯಬೇಕು ಅನ್ನಿಸುತ್ತಿತ್ತು. ಕರೆಯುವ ಹಾಗಿರಲಿಲ್ಲ. ಗಂಟಲವರೆಗೆ ಬಂದ ಮಗಳ ಹೆಸರನ್ನು ಅವಳು ನುಂಗಿದಳು. ಅದು ಮತ್ತೆ ಬಂತು. ಮತ್ತೆ ನುಂಗಿದಳು.

"ನಾನೇ ದಾಟಿ ಹೋಗ್ತೀನಿ," ಎಂದಳು ಪಿಸುದನಿಯಲ್ಲಿ.

"ಯಾವ ಕಡೆ ಅಂತ ಹೋಗ್ತೀಯ? ನನ್ನ ಆಚೆ ದಡ ಉದ್ದಕ್ಕೂ ಇದೆ. ನೀನು ತಪ್ಪು ಕಡೆ ಹೋಗಿ ಕಾಲು ಜಾರಿದರೆ ಆ ಮಗುವಿಗೆ ಯಾರು?" ಎಂದಿತು ತೊರೆ.

ಬೇದಮ್ಮ ತಡವರಿಸುತ್ತಾ ಗುಡಿಸಲಿಗೆ ಬಂದಳು. ಜಡೆಯಜ್ಜ ಆಗಲೇ ಬೆಂಕಿಗೆ ದೊಡ್ಡ ಕೊರಡು ಹಾಕಿದ್ದ. ಉರಿ ಎದ್ದಿತ್ತು. ಆದರೆ ಎರಡು ಮಾರು ಆಚೆಗೆ ಬೆಳಕು ಹೋಗುತ್ತಿರಲಿಲ್ಲ. ಹೊಗೆಯೂ ಎದ್ದಿತ್ತು. ಆದರೆ ಹಸಿ ಸೌದೆಯ ಹೊಗೆಗೂ ಒದ್ದೆ ಮಂಜಿಗೂ ಒಂದೇ ವಾಸನೆ. ಎಲ್ಲಿ ಹೊಗೆ ಮುಗಿಯಿತು, ಎಲ್ಲಿ ಮಂಜು ಶುರುವಾಯಿತು ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

"ಅಪ್ಪ, ಕಣ್ಣಿಗೆ ಕಾಣದ ಕಡೆ, ಕೂಗೋ ಹಾಗಿಲ್ಲದ ಕಡೆ, ಮಗೂನ ಹೆಂಗೆ ಕರೆಯೋದು?"

ಜಡೆಯಜ್ಜ ಇನ್ನೊಂದು ಕೊರಡನ್ನು ಬೆಂಕಿಗೆ ತಳ್ಳಿದ.

ಗಾಳಿ ತೆವಳಿಕೊಂಡು ಅವನ ಕಾಲ ಹತ್ತಿರ ಬಂತು. "ಪರಿಮಳವಾದರೆ ನಾನು ಹೊರಬಲ್ಲೆ. ಅದಕ್ಕೆ ಭಾರವಿಲ್ಲ. ಅದು ಬಂಡೆಗೆ ಬಡಿದು ವಾಪಸ್ಸೂ ಬರೋದಿಲ್ಲ. ಎಲ್ಲಿಂದ ಹೊರಟಿತು ಅನ್ನೋದನ್ನ ಸುಳ್ಳು ಹೇಳೋದಿಲ್ಲ. ಯಾರಾದರೂ ಕೊಡ್ತೀರಾ?"

"ನನ್ನ ಹೂವಿನ ಕಾಲ ಮುಗಿದುಹೋಯಿತಲ್ಲ," ಎಂದಿತು ಸಂಪಿಗೆ.

"ನನ್ನದು ಎದೆಯೊಳಗಿದೆ. ತೇದರೆ ಮಾತ್ರ ಬರುತ್ತೆ. ಅಷ್ಟು ಹೊತ್ತು ಎಲ್ಲಿದೆ?" ಎಂದಿತು ಗಂಧದ ಮರ.

"ನನ್ನದು ತೊರೆ ದಾಟೋವಷ್ಟು ಜೋರಾಗಿಲ್ಲ," ಎಂದಿತು ಲಾವಂಚ.

ಧೂಪದ ಮರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಅದರ ಬೇರುಗಳು ಉದ್ದ. ತೊರೆಯ ಕೆಳಗೆ ನುಸುಳಿ ಆಚೆ ದಡದವರೆಗೆ ಹೋಗಿದ್ದವು. ಆ ಬೇರಿನ ತುದಿಯ ಮೇಲೆ ಅದಕ್ಕೆ ಪುಟ್ಟ ಹೆಜ್ಜೆಗಳು ತಿಳಿಯುತ್ತಿದ್ದವು. ನಾಲ್ಕು ಹೆಜ್ಜೆ. ನಿಂತಿತು. ಇನ್ನೂ ಎರಡು ಹೆಜ್ಜೆ. ನಿಂತಿತು.

ಹೇಳಲೋ ಬೇಡವೋ? ಹೇಳಿದರೆ ಕಡಿಯುತ್ತಾರೆ. ಇವತ್ತು ಕಡಿಯುತ್ತಾರೆ, ನಾಳೆಯೂ ಬರುತ್ತಾರೆ. ಇಷ್ಟು ಕಾಲ ಮುಚ್ಚಿಟ್ಟದ್ದೆಲ್ಲ ಹೋಗುತ್ತದೆ. ಮರದ ಎಲೆಗಳು ಒಂದಕ್ಕೊಂದು ತಾಗಿ ನಡುಗಿದವು.

ಇನ್ನೊಂದು ಹೆಜ್ಜೆ. ಬೇರಿನ ಕೊನೆಯೇ ಅದು. ಅದರಿಂದ ಆಚೆಗೆ ಮಣ್ಣಿರಲಿಲ್ಲ.

"ಬೇದಮ್ಮ!" ಎಂದಿತು ಮರ. "ನನ್ನ ಹತ್ತಿರ ಇದೆ. ನನಗೂ ಒಂದು ಬೊಗಸೆ ಸಿಕ್ಕಿತ್ತು. ನಾನು ಸುಳ್ಳು ಹೇಳಿದೆ. ಕುಡುಗೋಲು ತಗೊಂಡು ಬಾ. ಬೇಗ ಬಾ."

ಬೇದಮ್ಮ ಕುಡುಗೋಲು ಹಿಡಿದು ಓಡಿದಳು. ಕೈಯಿಂದ ತಡಕಿ ಮರವನ್ನು ಹುಡುಕಿದಳು. ಕುಡುಗೋಲು ಎತ್ತಿದವಳು ನಿಂತಳು.

"ನಿನಗೆ ನೋಯುತ್ತಲ್ಲವಾ?"

"ಅದನ್ನ ಕೇಳಬೇಡ. ಕೇಳಿದರೆ ನನಗೆ ಮತ್ತೆ ಭಯವಾಗುತ್ತೆ. ಹೊಡಿ!"

ಬೇದಮ್ಮ ಹೊಡೆದಳು. ತೊಗಟೆ ಬಾಯಿಬಿಟ್ಟಿತು. ಕಣ್ಣೀರಿನ ಹಾಗೆ ಹನಿಹನಿಯಾಗಿ ಅಂಟು ಒಸರಿತು. ತಣ್ಣನೆಯ ಮಂಜು ತಾಗಿದ ಕೂಡಲೇ ಗಟ್ಟಿಯಾಯಿತು. ಅವಳು ಅದನ್ನು ಕಿತ್ತು ಮೂಗಿಗೆ ಹಿಡಿದಳು.

ಪರಿಮಳವೇ ಇರಲಿಲ್ಲ.

ಇನ್ನೊಂದು ಹನಿ ಕಿತ್ತಳು. ಅದರಲ್ಲೂ ಇರಲಿಲ್ಲ.

"ಅಯ್ಯೋ," ಎಂದಿತು ಮರ. "ಅಷ್ಟು ಬಿಗಿಯಾಗಿ ಮುಚ್ಚಿದ್ದೆ. ಈಗ ಬಿಚ್ಚೋದು ಹೇಗೆ ಅಂತ ನನಗೇ ಮರೆತುಹೋಗಿದೆ."

ಬೇದಮ್ಮ ಗಟ್ಟಿಯಾದ ಆ ಅಂಟನ್ನೇ ಹಿಡಿದುಕೊಂಡು ಅಪ್ಪನ ಹತ್ತಿರ ಓಡಿದಳು. ಜಡೆಯಜ್ಜ ಅವಳ ಕೈಯಿಂದ ಆ ಅಂಟಿನ ಉಂಡೆಯನ್ನು ತೆಗೆದುಕೊಂಡ. ತಿರುಗಿಸಿ ನೋಡಿದ. ಬೆಂಕಿ ಕಾದು ಕಾದು ಹಣ್ಣಾದ ಮುದುಕ ಅವನು.

"ತಾಳು ಮಗಳೇ. ಚಳಿಗೆ ಮುದುರಿಕೊಂಡೋರು ಬೆಂಕಿ ಹತ್ರ ಬಂದ್ರೆ ಕೈಕಾಲು ಬಿಡಿಸ್ತಾರೆ. ಇದನ್ನೂ ಬೆಂಕಿ ಹತ್ರ ಕೂರಿಸೋಣ," ಎಂದ.

ಒಡೆದ ಮಡಕೆಯ ಓಡಿನಲ್ಲಿ ನಾಲ್ಕು ಕೆಂಡ ತಂದ. ಅಂಟಿನ ಉಂಡೆಯನ್ನು ಕೆಂಡದ ಮೇಲೆ ಇಟ್ಟ.

ಅದು ಚಿಟಿಚಿಟಿ ಎಂದಿತು. ಕರಗಿತು. ಬಿಳಿ ಹೊಗೆಯೊಂದು ದಾರದ ಹಾಗೆ ಎದ್ದಿತು. ಆಮೇಲೆ ಪರಿಮಳ ಬಂತು! ಎಷ್ಟೋ ಮಳೆಗಾಲದಿಂದ ಬಾಗಿಲು ಹಾಕಿಕೊಂಡಿದ್ದ ಪರಿಮಳ. ಆ ಬೆಟ್ಟದಲ್ಲಿ ಅಂಥದ್ದನ್ನು ಯಾರೂ ಮೂಸಿರಲಿಲ್ಲ.

ಹೊಗೆ ಕಣ್ಣು ಬಿಟ್ಟು ಕೇಳಿತು. "ನಾನು ಎಲ್ಲಿಗೆ ಹೋಗಬೇಕು?"

"ನನ್ನ ಮಗಳನ್ನ ಹುಡುಕು," ಎಂದಳು ಬೇದಮ್ಮ. "ಮೇಲಕ್ಕೆ ಹೋಗಬೇಡ, ಅವಳು ಇಷ್ಟೇ ಎತ್ತರ. ಕೆಳಗೆ ಹುಡುಕು. ಕಲ್ಲಿನ ಸಂದಿಯಲ್ಲಿ ಹುಡುಕು, ಪೊದೆಯೊಳಗೆ ಹುಡುಕು, ಮೂಲೆಮೂಲೆಯಲ್ಲೂ ಹುಡುಕು. ಸಿಗೋವರೆಗೆ ನಿಲ್ಲಬೇಡ. ಅವಳ ತಲೆ ಮುಟ್ಟೋವರೆಗೆ ನಿಲ್ಲಬೇಡ."

ಹೊಗೆ ನೆಲ ಹಿಡಿದು ಹೊರಟಿತು. ಗಾಳಿ ತೆವಳುತ್ತಾ ಅದನ್ನು ಹೊತ್ತುಕೊಂಡಿತು. ಕಲ್ಲಿನ ಸಂದಿಗೆ ಇಣುಕಿತು, ಇಲ್ಲ. ಪೊದೆಯೊಳಗೆ ನುಗ್ಗಿತು, ಇಲ್ಲ. ತೊರೆ ದಾಟಿತು.

ಆಚೆ ದಡದಲ್ಲಿ ಕೇತಿ ನಿಂತಿದ್ದಳು. ಕೋಳಿಮರಿಗಳು ಯಾವಾಗಲೋ ಮಾಯವಾಗಿದ್ದವು. ಅವ್ವನ ಕೂಗು ಮುಂದಿನಿಂದ ಬರುತ್ತಿತ್ತು, ಈಗ ನಿಂತುಹೋಗಿತ್ತು. ಇನ್ನೊಂದು ಹೆಜ್ಜೆ ಹೋದರೆ ಅವ್ವ ಸಿಗುತ್ತಾಳೆ ಎಂದುಕೊಂಡು ಅವಳು ಒಂದು ಕಾಲು ಎತ್ತಿದ್ದಳು.

ಆಗ ಹೊಗೆ ಅವಳ ತಲೆ ಮುಟ್ಟಿತು. ಕೂದಲಲ್ಲಿ ಸುತ್ತಿಕೊಂಡಿತು.

ಕೇತಿ ಮೂಗು ಅರಳಿಸಿದಳು. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಇದು ಏನು? ಮುಂದಕ್ಕೆ ಮೂಗು ಚಾಚಿದಳು, ಪರಿಮಳ ಕಡಿಮೆ. ಹಿಂದಕ್ಕೆ ತಿರುಗಿದಳು, ಪರಿಮಳ ಜಾಸ್ತಿ. ಒಳಗೆ ಬೆಂಕಿಯ ಘಮವೂ ಇತ್ತು. ಬೆಂಕಿ ಇದ್ದ ಕಡೆ ಅಜ್ಜ ಇರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಹಿಂದಕ್ಕೆ ಹೆಜ್ಜೆ ಹಾಕಿದಳು. ಮೂಸುತ್ತಾ ಒಂದು ಹೆಜ್ಜೆ. ಮೂಸುತ್ತಾ ಇನ್ನೊಂದು ಹೆಜ್ಜೆ.

"ಬರ್ತಿದೆ!" ಎಂದಿತು ತೊರೆ. "ಮಗು ನನ್ನ ಕಡೆಗೆ ಬರ್ತಿದೆ!"

ಓಡಿನ ಮೇಲೆ ಅಂಟು ಕರಗುತ್ತಾ ಬಂತು. ಹೊಗೆ ತೆಳುವಾಯಿತು. ಕೂದಲೆಳೆಯಷ್ಟಾಯಿತು. ನಿಂತಿತು.

"ನಿಂತುಬಿಟ್ಟಿತು," ಎಂದಿತು ತೊರೆ. "ಮಗುವೂ ನಿಂತಿದೆ. ಆ ಕಡೆ ಈ ಕಡೆ ನೋಡ್ತಿದೆ. ತಿರುಗ್ತಿದೆ, ಮತ್ತೆ ಆ ಕಡೆಗೇ ತಿರುಗ್ತಿದೆ!"

ಬೇದಮ್ಮ ಮರದ ಹತ್ತಿರ ಓಡಿದಳು. ಮೊದಲಿನ ಗಾಯ ಆರಿ ಮುಚ್ಚಿತ್ತು. ಕುಡುಗೋಲು ಎತ್ತಿದಳು. ಮಂಜಿಗೆ ಒದ್ದೆಯಾಗಿದ್ದ ಹಿಡಿ ಜಾರಿ ಕುಡುಗೋಲು ಬಿದ್ದುಹೋಯಿತು. ಮಂಜಿನಲ್ಲಿ ಅದು ಎಲ್ಲಿ ಬಿತ್ತೋ ಕಾಣಲಿಲ್ಲ. ಅವಳು ನೆಲವನ್ನೆಲ್ಲ ತಡಕಿದಳು. "ಸಿಗ್ತಿಲ್ಲ, ಸಿಗ್ತಿಲ್ಲ" ಎಂದು ಅತ್ತಳು.

ಆಗ ಧೂಪದ ಮರ, ಹುಟ್ಟಿದಾಗಿನಿಂದ ಹೆದರುತ್ತಲೇ ಬಂದಿದ್ದ ಆ ಮರ, ಉಸಿರೆಳೆದುಕೊಂಡು ತನ್ನ ತೊಗಟೆಯನ್ನು ತಾನೇ ಸೀಳಿಕೊಂಡಿತು. ಟಪ್ ಎಂದು ಬುಡದ ಹತ್ತಿರ ಒಂದು ಬಿರುಕು. ಟಪ್ ಎಂದು ಮೇಲೆ ಇನ್ನೊಂದು. ಅಂಟು ಧಾರೆಯಾಗಿ ಇಳಿಯಿತು.

"ಹಿಡಿ," ಎಂದಿತು ಮರ. "ಎಷ್ಟು ಬೇಕೋ ಅಷ್ಟು ಹಿಡಿ."

ಬೇದಮ್ಮ ಸೆರಗಿನಲ್ಲಿ ಹಿಡಿದಳು. ಜಡೆಯಜ್ಜ ಬಗ್ಗಿ ಕೆಂಡ ಊದಿದ. ಈ ಸಲ ಹೊಗೆ ಹಗ್ಗದಷ್ಟು ದಪ್ಪಕ್ಕೆ ಎದ್ದು, ನೆಲ ಹಿಡಿದು, ತೊರೆ ದಾಟಿ ಹೋಯಿತು.

ಆಮೇಲೆ ಕಾಯುವುದು. ಬೇದಮ್ಮ ಕೆಂಡಕ್ಕೆ ಒಂದೊಂದೇ ಉಂಡೆ ಹಾಕುತ್ತಾ ಹೋದಳು. ಅವಳ ಬೆರಳು ಸುಟ್ಟವು. ಅದು ಅವಳಿಗೆ ತಿಳಿಯಲೇ ಇಲ್ಲ.

ಮಂಜಿನೊಳಗಿಂದ ಒಂದು ಸೀನು ಕೇಳಿಸಿತು.

"ಅವ್ವಾ," ಎಂದಿತು ಒಂದು ಸಣ್ಣ ದನಿ. "ಏನವ್ವ ಇದು, ಇಷ್ಟು ಘಮ?"

ಮೊಣಕಾಲುದ್ದ ಒದ್ದೆಯಾಗಿದ್ದ ಕೇತಿ ಹೊಗೆಯ ಜೊತೆ ನಡೆದು ಬಂದಳು. ಬೇದಮ್ಮ ಅವಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಇಷ್ಟು ಹೊತ್ತು ನುಂಗಿದ್ದ ಹೆಸರೆಲ್ಲ ಈಗ ಒಟ್ಟಿಗೆ ಹೊರಗೆ ಬಂತು. "ಕೇತಿ, ಕೇತಿ, ಕೇತಿ, ಕೇತಿ."

"ಯಾಕವ್ವ ಅಳ್ತಿದ್ದೀಯ? ನಾನು ಕೋಳಿಮರಿ ನೋಡೋಕೆ ಹೋಗಿದ್ದೆ ಅಷ್ಟೇ," ಎಂದಳು ಕೇತಿ.

ಜಡೆಯಜ್ಜ ಮುಖ ಆಚೆ ತಿರುಗಿಸಿಕೊಂಡು ಕೆಂಡ ಕೆದಕಿದ.

ಕೆಲಸ ಮುಗಿದ ಹೊಗೆ ಆಗ ಮೈ ಹಗುರ ಮಾಡಿಕೊಂಡು ಮೇಲಕ್ಕೆ ಎದ್ದಿತು. ಮಂಜು ಅದನ್ನು ನೋಡುತ್ತಿತ್ತು. "ಓ, ಏಳೋದು ಹೀಗಾ?" ಎಂದು ಅದರ ಹಿಂದೆಯೇ ಮೆಲ್ಲಗೆ ಎದ್ದಿತು. ಬಿಸಿಲು ಬಿತ್ತು. ಕಮರಿಯ ಅಂಚು ಕಾಣಿಸಿತು. ಆ ಅಂಚಿನಲ್ಲಿ ಪುಟ್ಟ ಹೆಜ್ಜೆಯೊಂದು ಅರ್ಧಕ್ಕೆ ಮೂಡಿತ್ತು. ಬೇದಮ್ಮ ಅದನ್ನು ನೋಡಿ, ಮಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಅವಳು ತೊರೆಯ ಮಣ್ಣು ತಂದು ಮರದ ಗಾಯಕ್ಕೆ ಮೆತ್ತಿದಳು. "ನಿನ್ನನ್ನ ಕೆಡವೋದಿಲ್ಲ. ನೀನು ಕೊಟ್ಟಷ್ಟೇ ತಗೋತೀವಿ," ಎಂದಳು.

"ನನಗೆ ಇನ್ನೂ ಭಯವಿದೆ ಕಣವ್ವ," ಎಂದಿತು ಮರ. "ಆದರೂ ಬನ್ನಿ."

ಅಂದಿನಿಂದ ದಿನವೂ ಹೊತ್ತು ಇಳಿಯುವಾಗ ಬೇದಮ್ಮ ಕೆಂಡದ ಮೇಲೆ ಒಂದು ಚೂರು ಧೂಪ ಹಾಕುತ್ತಿದ್ದಳು. ಕೇತಿ ಮಡಿಲಲ್ಲೇ ಕೂತಿದ್ದರೂ ಹಾಕುತ್ತಿದ್ದಳು. ಅವಳನ್ನು ನೋಡಿ ಉಳಿದ ಅವ್ವಂದಿರೂ ಹಾಕಿದರು, ಅವರ ಮಕ್ಕಳೂ ಹಾಕಿದರು. "ಸಾಕು, ಸಿಕ್ಕಳು" ಎಂದು ಹೊಗೆಗೆ ಹೇಳುವುದನ್ನು ಮಾತ್ರ ಆ ದಿನ ಎಲ್ಲರೂ ಮರೆತುಬಿಟ್ಟಿದ್ದರು.

ಅದಕ್ಕೇ ಇವತ್ತಿಗೂ ಅಜ್ಜಿ ಕೆಂಡಕ್ಕೆ ಧೂಪ ಹಾಕಿದರೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ಬಾಗಿಲ ಹಿಂದೆ, ಮಂಚದ ಕೆಳಗೆ, ಮೂಲೆಮೂಲೆಗೂ ಇಣುಕಿ ಹುಡುಕುತ್ತದೆ, ಆಗಷ್ಟೇ ಸ್ನಾನ ಮಾಡಿ ಬಂದ ನಿನ್ನ ಒದ್ದೆ ಕೂದಲನ್ನು ಮುಟ್ಟಿ, ಇಲ್ಲೇ ಇದ್ದೀಯಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೆಲ್ಲಗೆ ಸೂರಿನ ಕಡೆ ಏಳುತ್ತದೆ.