ಹತ್ತಿ ಅಂಟಿದ ವಕೀಲ

"ಉಸ್ತಾದ್ರೇ, ಹೆಸರೇ ಎತ್ತದ ಮ್ಯಾಲೆ ಕಲಿಸಿ ಏನು ಬಂತು?" ಅಂತ ಕೇಳ್ದ ಸಿವನಂಜ. ಅವನು ಪಟ್ಟು ಹೇಳ್ಕೊಟ್ಟಿದ್ದ ಹುಡುಗ ಕುಸ್ತಿ ಗೆದ್ದು, ಹಾರ ಹಾಕಿಸ್ಕಂಡು, ಊರೋರನ್ನೆಲ್ಲ ನೆನೆದು ಇವನ ಹೆಸರು ಮಾತ್ರ ಬಿಟ್ಟಿದ್ದ. ಇನ್ನೊಬ್ಬನಿಗೆ ಕಲಿಸಲ್ಲ, ನಾಳೆಯಿಂದ ಗರಡಿಗೇ ಬರಲ್ಲ ಅಂತ ಸಿವನಂಜ ಮೈ ಮಣ್ಣು ಕೊಡವ್ಕಂಡು ನಿಂತಿದ್ದ.

ಉಸ್ತಾದ್ ಕೆಂಪಣ್ಣ ಮೀಸೆ ತೀಡ್ದ. ನನ್ನ ಹೆಸರು ಕೇಳುದ್ರೆ ಇವತ್ತೂ ಸುತ್ತೇಳೂರು ಪೈಲ್ವಾನ್ರು ನೆಲ ಮುಟ್ಟಿ ಕಣ್ಣಿಗೊತ್ಕತಾರೆ, ಆ ಯೋಗ ನಿಂಗೆಲ್ಲಿ, ಕೂತ್ಕೊ ಅಂತ ಗದರಿ ಕತೆ ಶುರು ಮಾಡ್ದ.

ಒಬ್ಬ ವಕೀಲ ಇದ್ದ. ಕೋರ್ಟಲ್ಲಿ ಗುಡುಗೋನಲ್ಲ. ಕಂಪನಿಗಳು ಎಷ್ಟು ತೆರಿಗೆ ಕಟ್ಟಬೇಕು, ಆಳುಗಳಿಗೆ ಏನೇನು ಸೇರಬೇಕು ಅಂತ ಕಾಯ್ದೆ ನೋಡಿ ಹೇಳೋನು. ವಕೀಲಿಕೆ ಶುರು ಮಾಡಿದ ಹೊಸದ್ರಲ್ಲಿ ಒಂದು ನೂಲಿನ ಮಿಲ್ಲು ಅವನ್ನ ಕರೀತು. ಆಳು ಸತ್ರೆ ಹೆಂಡ್ತಿ ಬದುಕಿರೋಗಂಟ ಅರ್ಧ ಪಿಂಚಣಿ ಕೊಡ್ಬೇಕು ಅಂದ. ಮಾಲೀಕ ಜಿಪುಣ, ಒಲ್ಲೆ ಅಂದ. ಆ ದುಡ್ಡು ಪಿಂಚಣಿ ನಿಧಿಗೆ ಹಾಕುದ್ರೆ ನಿಮ್ಮ ತೆರಿಗೆ ಇಳೀತದೆ ಅಂತ ವಕೀಲ ತೋರ್ಸಿ, ಅವನ ಆಸೆಯಿಂದ್ಲೇ ಅವನ್ನ ಒಪ್ಪಿಸ್ದ. ಎದುರಾಳಿ ಭಾರದಲ್ಲೇ ಎದುರಾಳಿನ ಕೆಡವೋ ಪಟ್ಟು ಅದು. ನನ್ನಷ್ಟು ಚೆನ್ನಾಗಿ ಅದನ್ನ ಹಾಕಿದೋರಿಲ್ಲ, ಆ ಮಾತು ಬಿಡು.

ಅವತ್ತು ಆಳುಗಳು ವಕೀಲನ್ನ ಹೆಗಲ ಮ್ಯಾಲೆ ಹೊತ್ತು ಮಿಲ್ಲೆಲ್ಲ ಸುತ್ತಿಸಿದ್ರು. ತಲೆ ತುಂಬ ಹತ್ತಿ ಎಳೆ ಅಂಟಿತ್ತು. ಇಳಿಸಿ ಕೂರಿಸಿ, ನಗನಗ್ತಾ ಬಿಡಿಸಿದ್ರು.

ಆಮೇಲೆ ಅವನು ಬೆಳೆದ. ದೊಡ್ಡ ಪಟ್ಟಣ, ಗಾಜಿನ ಆಫೀಸು, ಕಾರಲ್ಲಿ ಬರೋ ಕಕ್ಷಿದಾರರು. ಫೀಜು ಬಂತು, ಶಾಲು ಬಂತು. ಆದ್ರೆ ಆ ಆಳುಗಳಂಗೆ ಅಕ್ಕರೇಲಿ ತಲೆ ಮುಟ್ಟಿದೋರು ಯಾರೂ ಇಲ್ಲ. ಎಲ್ಲಾದ್ರೂ ಮಿಲ್ಲಿನ ಸೈರನ್ ಕೂಗುದ್ರೆ, ಹೆಗಲ ಮ್ಯಾಲೆ ಹೊತ್ತ ಆ ದಿನವೇ ಕಣ್ಣಿಗೆ ಕಟ್ಟೋದು.

ತಲೆ ನರೆತ ಮ್ಯಾಲೆ ಅದೇ ಮಿಲ್ಲಿನ ಹೊಸ ಮಾಲೀಕ ಬಂದ. ಗಂಡ ಸತ್ತ ಹೆಂಗಸರ ಪಿಂಚಣಿ ನಿಲ್ಲಿಸ್ಬೇಕು, ಬೇರೆ ವಕೀಲರೆಲ್ಲ ಕೈ ಚೆಲ್ಲವ್ರೆ, ಗಂಟು ಹಾಕಿದೋನೇ ಬಿಚ್ಚಬೇಕು ಅಂದ. ಬಿಚ್ಚೋ ದಾರಿ ವಕೀಲನಿಗೆ ಗೊತ್ತಿತ್ತು. ನೋಡಾನ, ಅಲ್ಲಿ ಒಬ್ಬರಾದ್ರೂ ನನ್ನ ಹೆಸರು ಹೇಳುದ್ರೆ ಮುಟ್ಟಲ್ಲ, ಇಲ್ದಿದ್ರೆ ನಂಗೇನು ಅಂದ್ಕಂಡು ಬಸ್ ಹತ್ತಿದ.

ಮಿಲ್ ಗೇಟಿನ ಟೀ ಅಂಗಡೀಲಿ ಯಾರೂ ಗುರುತು ಹಿಡೀಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕಿ ಟೀಗೆ ಬನ್ನು ಅದ್ಕಂಡು ತಿಂತಿದ್ಲು. ಗಂಡ ಮಿಲ್ಲಲ್ಲೇ ಇದ್ದೋನು, ತೀರ್ಕಂಡು ಬಾಳ ವರ್ಷ ಆಯ್ತು ಅಂದ್ಲು. ಜೀವನ ಹೆಂಗವ್ವ ಅಂತ ಕೇಳ್ದ. ಪಿಂಚಣಿ ಬತ್ತದೆ, ಸೊಸೆ ಮುಂದೆ ಕೈ ಚಾಚಂಗಿಲ್ಲ ಅಂದ್ಲು.

"ಅದನ್ನ ಕೊಡ್ಸಿದ್ದು ಯಾರವ್ವ?"

"ಯಾರು ಕೊಡ್ಸೋದು ಸ್ವಾಮಿ? ಹೊತ್ತು ಹುಟ್ತದೆ, ಅದು ಬತ್ತದೆ."

ವಕೀಲನ ಮುಖ ಇಳಿದೋಯ್ತು. ಎದ್ದು ಹೊಂಟ. ತಡೀರಿ ಅಂತ ಮುದುಕಿ ಅವನ ನರೆಗೂದಲಿಗೆ ಅಂಟಿದ್ದ ಹತ್ತಿ ಎಳೆ ಬಿಡಿಸಿ, ಉಫ್ ಅಂತ ಊದಿದ್ಲು. ಇಲ್ಲಿ ಕೂತೋರಿಗೆಲ್ಲ ಅಂಟ್ತದೆ ಅಂತ ನಕ್ಳು. ಅವತ್ತು ಆಳುಗಳು ಬಿಡಿಸಿದ್ದೂ ಹಿಂಗೇ ನಗ್ತಾನೇ.

ವಕೀಲ ಪಟ್ಟಣಕ್ಕೆ ಹೋದೋನೇ ಹೊಸ ಮಾಲೀಕನಿಗೆ ಆಗಲ್ಲ ಅಂದ. ಗಂಟು ಹಂಗೇ ಉಳೀತು.

"ಆಮೇಲಾದ್ರೂ ಆಯಮ್ಮಂಗೆ ಅವನ್ಯಾರು ಅಂತ ಗೊತ್ತಾಯ್ತಾ?" ಅಂದ ಸಿವನಂಜ.

ಉಸ್ತಾದ್ ಅವನ ಕಾಲು ನೋಡ್ದ. "ನೀನು ಕೂಸಿದ್ದಾಗ ಮೊದಲ ಹೆಜ್ಜೆ ಇಕ್ಕಿದಾಗ ಬೀಳದಂಗೆ ಹಿಡ್ಕಂಡಿದ್ದು ಯಾರು ಅಂತ ನಿಂಗೆ ಗೊತ್ತೇನ್ಲಾ?"