ಕುಲುಮೆಗೆ ಹಾಕಿದ ಹಾರ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಎಲ್ಲರೂ ಸಂತೋಷದಲ್ಲಿರುವಾಗ ತಪ್ಪೊಂದು ನನ್ನೊಬ್ಬನ ಕಣ್ಣಿಗೇ ಬಿದ್ದರೆ ಏನು ಮಾಡಲಿ? ಹೇಳಿದರೆ ಅವರ ಮನಸ್ಸು ನೋಯುತ್ತದೆ. ಹೇಳದಿದ್ದರೆ ಕೆಲಸ ಕೆಡುತ್ತದೆ.”

ಗುರುಗಳು ಈ ಕತೆ ಹೇಳಿದರು.

ದೂರದ ಮರಳುಸೀಮೆಯಲ್ಲಿ ಒಂದು ಎಣ್ಣೆಬಾವಿ ಇತ್ತು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಕಲಬುರಗಿ ಕಡೆಯವರು. ಬಾವಿಯಿಂದ ಎಣ್ಣೆಯ ಜೊತೆ ಗ್ಯಾಸೂ ಬರುತ್ತಿತ್ತು. ಬಳಕೆಗೆ ಬಾರದ ಗ್ಯಾಸನ್ನು ಹಾಗೇ ಬಿಡುವಂತಿಲ್ಲ. ಅದನ್ನು ಸುಡಲೆಂದು ಮೂರಾಳೆತ್ತರದ ಉಕ್ಕಿನ ಕುಲುಮೆಯೊಂದನ್ನು ನಿಲ್ಲಿಸಿದ್ದರು. ಬೆಂಕಿಯೆಲ್ಲ ಅದರ ಹೊಟ್ಟೆಯೊಳಗೆ, ಹೊರಗೆ ಕಾಣುವುದಿಲ್ಲ, ಒಳಪದರದಿಂದಾಗಿ ಹೊರಮೈ ಸುಡುವುದೂ ಇಲ್ಲ. ಬುಡದ ಸುತ್ತ ಗಾಳಿಕಿಂಡಿಗಳು, ಒಳಗೆ ನೋಡಲು ಅಂಗೈಯಗಲದ ಒಂದು ಗಾಜು. ಅದನ್ನು ನೋಡಿಕೊಳ್ಳುವವನು ಮಲ್ಕಣ್ಣ.

ಅವನದು ಎಂಥ ಕೆಲಸವೆಂದರೆ, ಚೆನ್ನಾಗಿ ಮಾಡಿದ ದಿನ ಏನೂ ಆಗುವುದಿಲ್ಲ. ಹೊಗೆಯಿಲ್ಲ, ಸದ್ದಿಲ್ಲ. ಹಾಗಾಗಿ ಅವನನ್ನಾಗಲಿ ಕುಲುಮೆಯನ್ನಾಗಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆಯುಧ ಪೂಜೆಯ ದಿನ ಪಂಪಿಗೆ ಹೂವು, ಜೀಪಿಗೆ ಹೂವು, ಸ್ಪ್ಯಾನರಿಗೂ ಕುಂಕುಮ. ಕುಲುಮೆ ಮಾತ್ರ ಹಗ್ಗದ ಬೇಲಿಯೊಳಗೆ ಬೋಳಾಗಿ ನಿಂತಿರುತ್ತಿತ್ತು.

ಒಂದು ವರ್ಷ ಅಡುಗೆಯ ಕಾಶಮ್ಮನ ಕರುಳು ಚುರ್ ಎಂದಿತು. ವರ್ಷವಿಡೀ ದುಡಿಯುವ ಕುಲುಮೆಗೆ ಒಂದು ಹೂವಾದರೂ ಬೇಡವೇ? ಮಲ್ಕಣ್ಣ ಸ್ನಾನಕ್ಕೆ ಹೋದ ಹೊತ್ತು ನೋಡಿ ಎಲ್ಲರೂ ಹಗ್ಗ ದಾಟಿದರು. ಮಲ್ಕಣ್ಣ ಕಾವಲಿಗೆ ಕೂರಿಸಿ ಹೋಗಿದ್ದವನೇ ಮುಂದೆ ನಿಂತು ಏಣಿ ಹಿಡಿದ. ಚೆಂಡುಹೂವಿನ ಹತ್ತೊಂಬತ್ತು ಹಾರ ಹಾಕಿದರು. ಕಾಶಮ್ಮ ಹಬ್ಬಕ್ಕೆಂದು ತಂದ ಹೊಸ ಇಳಕಲ್ ಸೀರೆಯನ್ನೇ ಕುಲುಮೆಯ ಬುಡಕ್ಕೆ ಸುತ್ತಿ, ಗಾಜಿಗೆ ಕುಂಕುಮ ಇಟ್ಟಳು.

ಮಲ್ಕಣ್ಣ ಬಂದು ನೋಡಿದ. ಹನ್ನೊಂದು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಆದದ್ದೇ ಇಲ್ಲ.

ಆಮೇಲೆ ಅವನು ಗಾಜಿನ ಕುಂಕುಮ ಒರೆಸಿ ಒಳಗೆ ನೋಡಿದ. ನೀಲಿಯಾಗಿರಬೇಕಾದ ಬೆಂಕಿ ಕೆಂಪಗೆ ತೂಕಡಿಸುತ್ತಿತ್ತು. ಉಕ್ಕಿನ ಹೊಟ್ಟೆ ಗುಮ್ ಗುಮ್ ಎಂದು ಏದುಸಿರು ಬಿಡುತ್ತಿತ್ತು. ಸೀರೆ ಸುತ್ತಿದ್ದು ಸರಿಯಾಗಿ ಗಾಳಿಕಿಂಡಿಗಳ ಮೇಲೆ. ಗಾಳಿ ಸಿಗದ ಬೆಂಕಿ ಆರುತ್ತದೆ, ಸುಡದ ಗ್ಯಾಸು ಒಳಗೇ ತುಂಬುತ್ತದೆ, ಆಮೇಲೆ ಒಂದು ಕಿಡಿ ಸಾಕು. ಪಕ್ಕದಲ್ಲೇ ಕಾಶಮ್ಮ ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ನಗುತ್ತ ನಿಂತಿದ್ದಳು. ಅವಳ ಸುತ್ತ ಇಪ್ಪತ್ತು ಮಂದಿ.

ಮಲ್ಕಣ್ಣ ಗ್ಯಾಸಿನ ವಾಲ್ವ್ ತಿರುಗಿಸಿ ಮುಚ್ಚಿದ. ಬಾವಿಯ ಪಂಪು ನಿಲ್ಲಿಸಲು ಕೂಗಿದ. ಎಲ್ಲರನ್ನೂ ಹಗ್ಗದಾಚೆ ಅಟ್ಟಿದ. ಸೀರೆಯನ್ನು ಜಗ್ಗಿ ಎಳೆದ. ಹಾರಗಳನ್ನು ಒಂದೂ ಬಿಡದೆ ಕಿತ್ತ.

ಕಾಶಮ್ಮನ ಕಣ್ಣಲ್ಲಿ ನೀರು ನಿಂತಿತು. ಕೆಲಸ ಮಾಡಿಸುವ ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ಪೂಜೆಯ ಮುಹೂರ್ತ ಮುಗಿಯಲು ಉಳಿದದ್ದು ಹತ್ತೇ ನಿಮಿಷ, ಆರಿದ ಕುಲುಮೆಗೆ ಆರತಿ ಎತ್ತುವಂತಿಲ್ಲ. ಒಳಗೆ ನಿಂತ ಗ್ಯಾಸು ಗಾಳಿಯ ಜೊತೆ ಹೊರಟುಹೋಗಲು ಹದಿನೈದು ನಿಮಿಷ ಬೇಕು.

“ಮುಹೂರ್ತ ಮೀರ್ಲಿಕತ್ತದ. ಲಗು ಹಚ್ಚಪ!” ಎಂದ ಮೇಸ್ತ್ರಿ.

“ಈಗ ಹಚ್ಚಿದ್ರ ಕುಲುಮಿನೂ ಇರಂಗಿಲ್ಲ, ನಾವೂ ಇರಂಗಿಲ್ರಿ” ಎಂದ ಮಲ್ಕಣ್ಣ. ಆಮೇಲೆ ಕಾಶಮ್ಮನ ಮುಖ ನೋಡಿದ. ಕೈಯಲ್ಲಿದ್ದ ಹಾರಗಳನ್ನು ನೋಡಿದ. ಹತ್ತೊಂಬತ್ತನ್ನೂ ತನ್ನ ಕೊರಳಿಗೇ ಹಾಕಿಕೊಂಡ. “ಅದಕ್ಕ ಬೇಕಾದದ್ದು ಗಾಳಿ, ಅಕ್ಕ. ಹಾರ ಬೇಕಾದಾಂವ ನಾ ಇಲ್ಲಿ ನಿಂತೀನಿ. ನನಗ್ಯಾಕ ಯಾರೂ ಹಾಕಲಿಲ್ಲ?”

ಹೂವಿನ ರಾಶಿಯಲ್ಲಿ ಅವನ ಮೂಗು ಮಾತ್ರ ಕಾಣುತ್ತಿತ್ತು. ಕಾಶಮ್ಮ ಮೊದಲು ಮೂತಿ ತಿರುಗಿಸಿದಳು, ಆಮೇಲೆ ತಡೆಯಲಾರದೆ ನಕ್ಕಳು. ಇಳಕಲ್ ಸೀರೆಯನ್ನು ತಾನೇ ಅವನ ಹೆಗಲಿಗೆ ಹೊದಿಸಿದಳು. ಮೇಸ್ತ್ರಿಯೂ ನಕ್ಕು ಅವನ ಹಣೆಗೆ ಕುಂಕುಮ ಹಚ್ಚಿದ. ಮುಹೂರ್ತ ಮೀರುವ ಮೊದಲೇ, ಹಗ್ಗದಿಂದ ಬಹುದೂರ ಅಡುಗೆಮನೆಯ ಮುಂದೆ, ಆರತಿ ಆಯಿತು, ಅದೂ ಮಲ್ಕಣ್ಣನಿಗೆ! ಅವನು ಮದುಮಗನ ಹಾಗೆ ನಾಚಿ ತಲೆ ತಗ್ಗಿಸಿದ. ಚುರುಮುರಿ ಹಂಚಿದರು. ಯಾರೋ ಶಿಳ್ಳೆ ಹೊಡೆದರು.

ಹದಿನೈದು ನಿಮಿಷ ಹೇಗೆ ಕಳೆಯಿತೋ ಯಾರಿಗೂ ತಿಳಿಯಲಿಲ್ಲ, ಮಲ್ಕಣ್ಣನೊಬ್ಬನನ್ನು ಬಿಟ್ಟು. ಅವನ ಕಣ್ಣು ಗಡಿಯಾರದ ಮೇಲೇ ಇತ್ತು. ಹೊತ್ತಾದ ಮೇಲೆ ಹಾರ, ಸೀರೆ ಎಲ್ಲ ಕಳಚಿಟ್ಟು ಒಬ್ಬನೇ ಹೋಗಿ ಕಿರುಜ್ವಾಲೆ ಹೊತ್ತಿಸಿ, ಮೆಲ್ಲಗೆ ಗ್ಯಾಸು ಬಿಟ್ಟ. ಗಾಜಿನೊಳಗೆ ಬೆಂಕಿ ನೀಲಿಯಾಗಿ ಎದ್ದಿತು. ಹಗ್ಗದಾಚೆ ಬೂದುಗುಂಬಳ ಒಡೆದು ಎಲ್ಲರೂ ಕೇಕೆ ಹಾಕಿದರು. ಹಾಗೆ ಕೇಕೆ ಹಾಕುವವರಿಗೆ ತಾವು ಯಾವುದರಿಂದ ಪಾರಾದೆವೆಂಬುದು ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದ ಮಲ್ಕಣ್ಣ ಎಲ್ಲರಿಗಿಂತ ಜೋರಾಗಿ ಕೂಗಿದ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಯಾರಿಗೂ ನೋವಾಗದ ಹಾಗೆ ನಗಿಸಿ ಹೇಳಬೇಕು.”

ಗುರುಗಳು ಹೇಳಿದರು: “ಅವನು ನಗಿಸಿದ್ದು ಹಾರ ಕಿತ್ತ ಮೇಲೆ.”